ಫಲಕ ಏಕಿಲ್ಲ ಎಂದು ಕೇಳಿದವರಿಗೆ

ಮಾನ್ಯರೇ,

‘ಅತಿಥಿ ವಿವರ ಫಲಕವನ್ನು ಮನೆಯ ಹೊರಗೋಡೆಗೆ ಏಕೆ ತೂಗುಹಾಕಿಲ್ಲ? ಏಳು ದಿನಗಳಲ್ಲಿ ಉತ್ತರಿಸಿ, ತಪ್ಪಿದಲ್ಲಿ ಪರವಾನಗಿ ರದ್ದು’ ಎಂದು ನಗರಸಭೆಯಿಂದ ನೋಟಿಸು ಕಳಿಸಿದ್ದೀರಿ. ಏಳು ದಿನ ಬೇಕಿಲ್ಲ, ಈಗಲೇ ಹೇಳುತ್ತೇನೆ. ಫಲಕ ನನ್ನ ಅತಿಥಿಯ ತಲೆಯ ಮೇಲೆ ಮುರಿದುಹೋಯಿತು. ಅರ್ಧ ಪೊಲೀಸರ ಬಳಿ ಇದೆ, ಇನ್ನರ್ಧ ನನ್ನ ಅಡುಗೆಮನೆಯ ಮೂಲೆಯಲ್ಲಿದೆ. ಆ ತುಂಡು ಹಿಡಿದು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಬೇಕು, ಆದೇಶಕ್ಕೆ ಸಹಿ ಹಾಕಿದ ಬೆರಳುಗಳ ಮೇಲೆ ನಾಲ್ಕು ಬಿಗಿಯಬೇಕು ಎಂದು ಎಷ್ಟೋ ಸಲ ಅನಿಸಿದೆ. ಮುಚ್ಚಿಡುವುದಿಲ್ಲ. ಕೈ ತಡೆದುಕೊಂಡು, ಊರೆಲ್ಲ ಓದುವಂತೆ ಈ ಬಹಿರಂಗ ಕಾಗದ ಬರೆಯುತ್ತಿದ್ದೇನೆ.

ನಾನು ಮಹಡಿಯ ಎರಡು ಕೋಣೆಗಳನ್ನು ದಿನಬಾಡಿಗೆಗೆ ಕೊಡುವವಳು. ಹತ್ತಿ ಕೊಳ್ಳಲು ಬಂದವರು, ಪರೀಕ್ಷೆಗೆ ಬಂದ ಹುಡುಗಿಯರು, ಕೋರ್ಟಿಗೆ ಬಂದವರು ಒಂದೆರಡು ದಿನ ಇದ್ದು, ನಾನು ಬಡಿದ ರೊಟ್ಟಿ ತಿಂದು ಹೋಗುತ್ತಾರೆ. ಯಾದಗಿರಿ, ಶಹಾಪುರ, ಸುರಪುರ ಈ ಮೂರರಲ್ಲಿ ನನ್ನ ಮನೆ ಯಾವ ಊರಿನಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಒಂದು ಫಲಕವೇ ಆದೀತು.

ಈ ಮೂರರಲ್ಲೇ ಇನ್ನೊಂದು ಊರಿನಲ್ಲಿ ನನ್ನ ತಂಗಿ ನಾಗರತ್ನಾ ಇದೇ ಕೆಲಸ ಮಾಡುತ್ತಾಳೆ. ಅಲ್ಲಿ ಬಂದವರ ಹೆಸರನ್ನು ವಹಿಯಲ್ಲಿ ಬರೆದು ಟ್ರಂಕಿನಲ್ಲಿಡಬೇಕು, ಠಾಣೆಯವರು ಕೇಳಿದಾಗ ಮಾತ್ರ ತೆಗೆಯಬೇಕು. ಗೆಳತಿ ನುಜ್ಹತ ಹೈದರಾಬಾದಿನಲ್ಲಿ ಫ್ಲ್ಯಾಟು ಕೊಡುತ್ತಾಳೆ. ಅವಳು ಗುರುತಿನ ಚೀಟಿಯ ಫೋಟೊ ತೆಗೆದುಕೊಂಡು ಸುಮ್ಮನಾಗುತ್ತಾಳೆ, ಎದುರು ಬಾಗಿಲಿನವರಿಗೂ ಯಾರು ಬಂದರೆಂದು ತಿಳಿಯುವುದಿಲ್ಲ. ನಿಮ್ಮ ಆಳ್ವಿಕೆಯಲ್ಲಿ ಮಾತ್ರ ಮೂರಡಿಯ ಕರಿಹಲಗೆ, ಬಿಳಿ ಅಕ್ಷರ, ಬೀದಿಯಲ್ಲಿ ನಿಂತು ಓದುವಂತೆ ಅತಿಥಿಯ ಹೆಸರು, ಊರು, ಬಂದ ಕಾರಣ. ನನ್ನ ಮನೆಗೂ ತಂಗಿಯ ಮನೆಗೂ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಷ್ಟರಲ್ಲಿ ಮನುಷ್ಯನ ತಲೆಬುರುಡೆ ಏಟು ತಡೆಯುವಂಥ ಕಲ್ಲಾಗಿಬಿಡುತ್ತದೆಯೇ? ಕಾರಣವನ್ನೇಕೆ ಬೀದಿಗೆ ಹೇಳಬೇಕು ಎಂದು ನಿಮ್ಮ ಗುಮಾಸ್ತರನ್ನು ಕೇಳಿದ್ದೆ. ಪಾರದರ್ಶಕತೆ ಇರಬೇಕೆಂದು ಸಾಹೇಬರು ಹೇಳಿದ್ದಾರೆ ಎಂದರು.

ಆ ದಿನ ಸಂಜೆ ಒಬ್ಬ ಕುರಿಗಾರರು ಬಂದರು. ನಿಜವಾದ ಹೆಸರು ಬೇಡ, ಭಗವಂತರಾಯ ಎನ್ನೋಣ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋರ್ಟಿನ ಸಮನ್ಸು. ಬದುವಿನ ಜಗಳದಲ್ಲಿ ಒಬ್ಬ ಮುದುಕನನ್ನು ಕೊಡಲಿಯ ಕಾವಿನಿಂದ ಬಡಿದು ಕೊಂದದ್ದನ್ನು ಕುರಿ ಮೇಯಿಸುತ್ತಾ ಕಂಡವರು ಅವರು. ಕಂಡವರು ಇನ್ನೂ ಇದ್ದರು. ಹೇಳುತ್ತೇನೆ ಎಂದು ನಿಂತವರು ಇವರೊಬ್ಬರೇ. ನಮ್ಮ ಮನೆಯಲ್ಲಿ ಬಂದವರು ನೀರು ಬೆಲ್ಲ ಮುಗಿಸುವ ತನಕ ಹೆಸರು ಕೇಳುವ ಪದ್ಧತಿಯಿಲ್ಲ. ಅವರು ನೀರು ಕುಡಿದ ಮೇಲೆ ನಿಮ್ಮ ಪಾರದರ್ಶಕತೆಗಾಗಿ ಸೀಮೆಸುಣ್ಣ ಹಿಡಿದು ಹೊರಗೆ ಬಂದೆ. ಕಾರಣದ ಕಡೆ ‘ಸ್ವಂತ ಕೆಲಸ’ ಎಂದು ಬರೆಯಲು ಕೈ ಎತ್ತಿದ್ದೆ. ಅವರು ತಡೆದರು.

“ಖರೆ ಹೇಳಾಕ ಬಂದೀನ್ರಿ ಅಕ್ಕಾರ. ಬಾಗಲದಾಗ ಸುಳ್ಳ ಬರಸೂದು ಬ್ಯಾಡ್ರಿ.”

ನಾನು ‘ಸಾಕ್ಷಿ ಹೇಳಲು’ ಎಂದು ಬರೆದೆ. ನನ್ನ ಅಕ್ಷರ ದುಂಡಗೆ, ಊರೆಲ್ಲ ಹೊಗಳುತ್ತದೆ. ಅವರೂ ತಮ್ಮ ಹೆಸರನ್ನು ಸ್ವಲ್ಪ ಹೊತ್ತು ನೋಡಿ, ಅಕ್ಷರ ಚೆಂದ ಅದಾವ ಎಂದರು. ಆ ಹೊಗಳಿಕೆಗೆ ಹಿಗ್ಗಿದೆನಲ್ಲ, ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಬೆಳಿಗ್ಗೆ ಏಳಕ್ಕೆ ಅವರು ಅಂಗಳದ ನಲ್ಲಿಯ ಬಳಿ ಬೇವಿನ ಕಡ್ಡಿ ಜಗಿಯುತ್ತಾ ಕುಳಿತಿದ್ದರು. ಎರಡು ಗಾಡಿಗಳಲ್ಲಿ ಕೊಂದವರ ಕಡೆಯ ನಾಲ್ವರು ಬಂದರು. ಒಬ್ಬ ಫಲಕವನ್ನು ಗಟ್ಟಿಯಾಗಿ ಓದಿದ. “ಚಲೋ ಆತು, ಹುಡಕೂದು ತಪ್ಪಿತು” ಎಂದ. ಮೊಳೆ ಸಮೇತ ಅದನ್ನು ಕಿತ್ತು, ಅಂಚಿನಿಂದ ಅವರ ನೆತ್ತಿಗೆ ಹೊಡೆದ. ಎರಡನೇ ಏಟಿಗೆ ಕಿವಿ ಹರಿಯಿತು, ಮೂರನೆಯದಕ್ಕೆ ಹಲಗೆ ಮುರಿಯಿತು. ಕೆಳಗೆ ಬಿದ್ದವರ ದವಡೆಗೆ ಒದ್ದರು. ಬಲಗೈಯನ್ನು ಹೊಸ್ತಿಲ ಕಲ್ಲಿನ ಮೇಲೆ ಎಳೆದಿಟ್ಟು, ನನ್ನದೇ ರುಬ್ಬುವ ಗುಂಡಿನಿಂದ ಮೂರು ಬೆರಳು ಜಜ್ಜಿದರು. ನಾನು ಒನಕೆ ತಂದು ಒಬ್ಬನ ಮೊಣಕಾಲು ಮುರಿಯುವಂತೆ ಬೀಸಿದೆ, ತಗಲಿತು. ಆ ಸದ್ದು ನನಗೆ ಇಷ್ಟವಾಯಿತು ಎಂದು ಹೇಳಲು ನಾಚಿಕೆಯಿಲ್ಲ. ಇನ್ನೊಬ್ಬ ನನ್ನ ಜಡೆ ಹಿಡಿದು ಗೋಡೆಗೆ ಬಡಿದ. ಎಚ್ಚರವಾದಾಗ ಅಂಗಳದಲ್ಲಿ ರಕ್ತವಿತ್ತು, ಅದರಲ್ಲಿ ಬೇವಿನ ಕಡ್ಡಿ ಬಿದ್ದಿತ್ತು.

ಹೊಡೆದವರನ್ನು ಪೊಲೀಸರು ನೋಡಿಕೊಳ್ಳಲಿ. ಆದರೆ ದಾರಿ ತೋರಿಸಿದವರು ಯಾರು ಮಾನ್ಯರೇ? ನನ್ನ ಕೈ, ನಿಮ್ಮ ಆದೇಶ. ನನ್ನ ಕೈಗೆ ಅದರ ಪಾಲಿನ ಶಿಕ್ಷೆ ಸಿಕ್ಕಿದೆ, ಅಂದಿನಿಂದ ಅದು ಸೀಮೆಸುಣ್ಣ ಮುಟ್ಟಿಲ್ಲ. ನಿಮ್ಮ ಆದೇಶ ಮಾತ್ರ ಆರಾಮಾಗಿ ಫೈಲಿನಲ್ಲಿ ಮಲಗಿದೆ, ಎದ್ದಾಗ ನೋಟಿಸು ಕಳಿಸುತ್ತದೆ. ಘಟನೆಯ ಮಾರನೇ ದಿನವೇ ನಿಮಗೆ ಅರ್ಜಿ ಕೊಟ್ಟೆ. ಪರಿಶೀಲನೆಯಲ್ಲಿದೆಯಂತೆ. ಯಾರ ತಲೆ ಒಡೆಯುವ ತನಕ ಪರಿಶೀಲಿಸುತ್ತೀರಿ?

ಕೋರ್ಟು ಭಗವಂತರಾಯರಿಗೆ ಬೇರೆ ತಾರೀಖು ಕೊಟ್ಟಿದೆ. ಅದು ನಿಮಗೆ ಮುಚ್ಚಿದ ಲಕೋಟೆಯಲ್ಲಿ ಬರುತ್ತದೆ, ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಗೆ ಗಂಜಿ ಒಯ್ದಾಗ, ದವಡೆಗೆ ತಂತಿ ಬಿಗಿದ ಬಾಯಿಯಿಂದ ಒಂದೊಂದೇ ಮಾತು ತೆಗೆದು ಹೇಳಿದರು.

“ಆಗೂ ನಿಮ್ಮ ಮನಿಗೇ ಬರ್ತೀನ್ರಿ ಅಕ್ಕಾರ. ಈ ಸಲ ಲಗ್ನಕ್ಕ ಬಂದಾನ ಅಂತ ಬರೀರಿ.”

ಬಾಗಿಲಲ್ಲಿ ಕೂಡ ಸುಳ್ಳು ಬೇಡ ಎಂದಿದ್ದ ಮನುಷ್ಯ ಇವರು. ಕಿವಿ ಹರಿದವರಿಗೆ, ಬೆರಳು ಜಜ್ಜಿದವರಿಗೆ ಕೂಡ ಇವರಿಂದ ಸುಳ್ಳು ಹೇಳಿಸಲು ಆಗಿರಲಿಲ್ಲ. ನಿಮ್ಮ ಮೂರಡಿಯ ಹಲಗೆ ಹೇಳಿಸಿತು.

ಆ ತಾರೀಖಿಗೆ ಮೊದಲು ಫಲಕದ ಆದೇಶವನ್ನು ಲಿಖಿತವಾಗಿ ಹಿಂಪಡೆಯಿರಿ, ವಹಿ ಮನೆಯೊಳಗಿರಲಿ, ಬೀಗದ ಕೈ ನನ್ನ ಬಳಿ, ತೆಗೆಸಿ ನೋಡುವ ಅಧಿಕಾರ ಠಾಣೆಯ ಬಳಿ. ಆಗದಿದ್ದರೆ ಬಂದು ನನ್ನ ಮನೆಗೆ ಬೀಗ ಜಡಿಯಿರಿ. ಒಳಗೆ ಭಗವಂತರಾಯರಿರುತ್ತಾರೆ, ಒನಕೆಯೂ ಇರುತ್ತದೆ. ನಿಮಗೂ ಮೊದಲು ನೀರು ಬೆಲ್ಲ ಕೊಡುತ್ತೇನೆ. ಆಮೇಲೆ ಬಂದ ಕಾರಣ ಕೇಳುತ್ತೇನೆ, ಅವರ ಎದುರಿಗೇ ಹೇಳಬೇಕು.

ಇಂತಿ,
ದುಂಡಗಿನ ಅಕ್ಷರದ ಮನೆಯೊಡತಿ
(ನನ್ನ ಹೆಸರು, ಊರು ನಿಮ್ಮ ಫೈಲಿನಲ್ಲಿವೆ. ದಯವಿಟ್ಟು ಹೊರಗೆ ತೂಗುಹಾಕಬೇಡಿ.)