ಮೊಂಡಿಯ ಫೋಟೊ

ಹನ್ನೆರಡನೇ ತಾರೀಕು, ಮಂಗಳವಾರ

ಮೊಂಡಿಯ ಫೋಟೊ ವಾಪಸ್ ಬಂದಿದೆ. ‘ಮಾಲೀಕರ ಮುಖ ಕಾಣುತ್ತಿಲ್ಲ’ ಅಂತ ಪಶು ಇಲಾಖೆಯ ಮೆಸೇಜು. ಉಳಿದ ಐದು ಪಾಸಾಗಿವೆ.

ಕೊಟ್ಟಿಗೆಗೆ ನೆರೆ ನುಗ್ಗಿ ಮೊಂಡಿಯೂ ಸೇರಿ ಆರೂ ಹಸು ಹೋದವು. ತುರ್ತು ಪರಿಹಾರ ಸಿಗಬೇಕಾದರೆ ಸತ್ತ ಹಸು, ಅದರ ಕಿವಿಯ ನಂಬರ್ ಓಲೆ, ಮಾಲೀಕರ ಮುಖ, ಮೂರೂ ಒಂದೇ ಫೋಟೊದಲ್ಲಿ ಇರಬೇಕಂತೆ. ಹಸುಗಳು ನನ್ನ ಹೆಂಡತಿಯ ಹೆಸರಿನಲ್ಲಿದ್ದವು. ಬೆಳಿಗ್ಗೆ ಮುಖ ತೊಳೆದು ತಲೆ ಬಾಚಿಕೊಂಡು ಬಂದಳು. ಆ ಕೆಸರಿನಲ್ಲಿ ತಲೆ ಬಾಚಿಕೊಂಡು ನಿಂತವಳನ್ನು ನೋಡಿ ನನಗೆ ಸಿಟ್ಟೇ ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

ಮೊಬೈಲ್ ನನ್ನ ಕೈಯಲ್ಲಿತ್ತು. ಇಲಾಖೆಯವರು ಪಕ್ಕದಲ್ಲಿ ನಿಂತು, ‘ಇನ್ನೂ ಸ್ವಲ್ಪ ಹತ್ತಿರ ಕೂತ್ಕೊಳ್ಳಿ ಅಕ್ಕಾ’ ಅನ್ನುತ್ತಿದ್ದರು. ಐದರ ಪಕ್ಕದಲ್ಲೂ ಕಲ್ಲಿನ ಹಾಗೆ ಕೂತಳು. ಮೊಂಡಿಯ ಹತ್ತಿರ ಮಾತ್ರ ಹಾಲು ಕರೆಯೋಕೆ ಕೂರುವ ಹಾಗೇ ಕೂತು, ಅದರ ಉಬ್ಬಿದ ಹೊಟ್ಟೆಗೆ ಹಣೆ ಒತ್ತಿಬಿಟ್ಟಳು. ಹಾಗೆ ಒತ್ತದಿದ್ದರೆ ಅದು ಒಂದು ಹನಿ ಹಾಲೂ ಬಿಡುತ್ತಿರಲಿಲ್ಲ. ನಾನು ಕರೆಯೋಕೆ ಹೋಗಿ ಒದೆ ತಿಂದಿದ್ದೇ ಬಂತು.

ತಲೆ ಎತ್ತು ಅನ್ನದೆ ಹಾಗೇ ಫೋಟೊ ತೆಗೆದೆ.

ಇನ್ನೊಂದು ಫೋಟೊ ತೆಗೆಯೋಣ ಅಂದರೆ ಮಧ್ಯಾಹ್ನವೇ ಜೆಸಿಬಿ ಬಂದು ಆರನ್ನೂ ಹೂತು ಗುಂಡಿ ಮುಚ್ಚಿಯಾಗಿದೆ.

‘ಎಲ್ಲಾ ಸರಿಯಾಗಿ ಬಂದಿದೆಯಂತಾ?’ ಅಂತ ಈಗ ಒಳಗಿಂದ ಕೇಳಿದಳು.

‘ಬಂದಿದೆ, ಮಲಕ್ಕೋ’ ಅಂದೆ.

ಮುಖ ಕಾಣುತ್ತಿಲ್ಲ, ನಿಜ. ಆ ಐದರಲ್ಲಿ ಕಾಣುತ್ತದೆ, ಆದರೆ ಆ ಮುಖ ಯಾರದೋ ನನಗೇ ಗುರುತು ಸಿಗುತ್ತಿಲ್ಲ. ಇದರಲ್ಲಿ ಬರೀ ಬಗ್ಗಿದ ಬೆನ್ನು, ಬಾಚಿದ ತಲೆ. ಇವಳೇ ಅಂತ ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ನನ್ನನ್ನು ಯಾರು ಕೇಳುತ್ತಾರೆ?