ಮುಷ್ಟಿ ಮುಚ್ಚುವ ತನಕ

ರೀ,

ಇವತ್ತು ಮಗಳ ರಿಹರ್ಸಲ್‌ಗೆ ಹೋಗಿದ್ದೆ. "ದೇವರ ಹಾಡು ಬಿಟ್ಟು ಕುಣಿಯೋರಿಗೆ ಹಾಡ್ತಾಳಂತೆ" ಅಂತ ಮುನಿಸಿಕೊಂಡು ಕಣ್ಣು ಮುಚ್ಚುವವರೆಗೂ ನೀವು ಅವಳ ಹಾಡು ಕೇಳಲಿಲ್ಲವಲ್ಲ, ಅದನ್ನೇ ಕೇಳಿ ಬಂದೆ.

ಸೌಂಡಿನವನು "ಅಮ್ಮಾ, ಕಿವಿಗೆ ಹತ್ತಿ ಕೊಡ್ಲಾ?" ಅಂದ. "ಚರ್ಚಿನ ಕ್ವಾಯರ್ ಮೇಷ್ಟ್ರ ಜೊತೆ ಬಾಳಿದ ಕಿವಿ ಇದು, ಬೇಡಪ್ಪ" ಅಂದೆ.

ಎದೆ ನಡುಗಿಸುವ ಡ್ರಮ್ಮಿನ ಮೇಲೆ ಅವಳ ದನಿ ನೀವು ತಿದ್ದಿದ ಹಾಗೇ ನೆಟ್ಟಗೆ ನಿಂತಿತ್ತು. ನಮ್ಮ ಮಗಳು ಕಣ್ರೀ! ಕೊನೇ ಸ್ವರ ಮಾತ್ರ ಎಳೆದೇ ಎಳೆದಳು. ಕಣ್ಣು ಎಡಗಡೆಗಿತ್ತು, ಚಿಕ್ಕವಳಾಗಿ ಕ್ವಾಯರಿನಲ್ಲಿ ಹಾಡುವಾಗ ನೀವು ನಿಲ್ಲುತ್ತಿದ್ದ ಕಡೆ. ನೀವು ಮುಷ್ಟಿ ಮುಚ್ಚುವ ತನಕ ಯಾರೂ ಸ್ವರ ಬಿಡುವಂತಿರಲಿಲ್ಲವಲ್ಲ.

ಥಟ್ಟನೆ ಎದ್ದು ಅಲ್ಲಿ ನಿಂತೆ. ಕೈಯೆತ್ತಿ ಮುಷ್ಟಿ ಮುಚ್ಚಿದೆ. ಹಾಡು ನಿಲ್ಲಿಸಿ ನಕ್ಕಳು.

ನಾಳೆ ಕಾರ್ಯಕ್ರಮದಲ್ಲೂ ನಾನು ಅಲ್ಲೇ ನಿಲ್ಲಬೇಕಂತೆ. ನಿಮ್ಮ ಕೋಟು ಹಾಕಿಕೊಂಡು ಹೋಗ್ತೀನಿ.