ಗೋಡೆಯಾಚೆಯ ದನಿ

ಬೆಂಗಳೂರು, ಮಂಗಳವಾರ

ಅವ್ವನಿಗೆ ಶರಣು. ಸ್ಕ್ಯಾನಿಂಗ್ ವಿಭಾಗದಲ್ಲಿ ಮೊಬೈಲ್ ಬಿಡುವುದಿಲ್ಲ, ಅದಕ್ಕೇ ಈ ಕಾರ್ಡು. ನಿನ್ನ ಮೊಮ್ಮಗಳ ಶ್ವಾಸಕೋಶದ ಚಿತ್ರ ಬೆಳಿಗ್ಗೆಯೇ ತೆಗೆದರು. ಎಕ್ಸ್‌ರೇ ಕಿರಣಗಳಿಲ್ಲ, ಬರೀ ಆಯಸ್ಕಾಂತ. ಮತ್ತೆ ಮತ್ತೆ ತೆಗೆದರೂ ಮಕ್ಕಳಿಗೆ ಅಪಾಯವಿಲ್ಲವಂತೆ. ಸುರಂಗದಂಥ ಆ ಯಂತ್ರದೊಳಗೆ ಇಳಕಲ್ಲಿನ ಮಗ್ಗಗಳೆಲ್ಲ ಒಟ್ಟಿಗೆ ಬಡಿದಂಥ ಸದ್ದು. ನಡುವೆ ಯಂತ್ರದಿಂದ ಒಂದು ಹೆಣ್ಣುದನಿ, "ಉಸಿರು ಹಿಡಿದುಕೊಳ್ಳಿ" ಎನ್ನುತ್ತದೆ. ಆಮೇಲೆ, "ಉಸಿರು ಬಿಡಿ."

ಈಗ ಐಶ್ವರ್ಯ ಹೊರಗಿನ ಬೆಂಚಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ಒಳಗೆ ಬೇರೆ ಮಕ್ಕಳಿಗೆ ಆ ದನಿ ಹೇಳಿದಾಗೆಲ್ಲ ಇವಳೂ ನಿದ್ದೆಯಲ್ಲೇ ಉಸಿರು ಹಿಡಿಯುತ್ತಾಳೆ, ಬಿಡಿ ಎಂದ ಮೇಲೆಯೇ ಬಿಡುತ್ತಾಳೆ. ಈಗಷ್ಟೇ "ಹಿಡಿದುಕೊಳ್ಳಿ" ಎಂದದ್ದೇ ಕರೆಂಟು ಹೋಯಿತು. ದನಿ ಮತ್ತೆ ಬರಲಿಲ್ಲ. "ಉಸರ ಬಿಡವ್ವಾ, ನಾ ನಿಮ್ಮವ್ವ" ಎಂದು ಅಲುಗಿಸಿದೆ. ಬಿಡಲಿಲ್ಲ. ತುಟಿ ನೀಲಿಗಟ್ಟತೊಡಗಿತು. ಕಡೆಗೆ ಆ ದನಿಯ ಹಾಗೆಯೇ, ಗುರುತಿಲ್ಲದವಳಂತೆ, "ಉಸಿರು ಬಿಡಿ" ಎಂದೆ. ಬಿಟ್ಟಳು.

ಕೆಮ್ಮು ಕಡಿಮೆಯಾಗಿದೆ, ಔಷಧಿ ಸಾಕಷ್ಟಿದೆ. ಗುರುವಾರ ಊರಿಗೆ ಬರುತ್ತೇವೆ. ಕರೆಂಟು ಬಂತು, ಒಳಗೆ ಮಗ್ಗದ ಸದ್ದು ಶುರುವಾಯಿತು. ಇವಳನ್ನೆತ್ತಿಕೊಂಡು ಆ ದನಿ ಕೇಳಿಸದ ಕಡೆ ಹೋಗುತ್ತೇನೆ.

ನಿನ್ನ ಮಗಳು,
ಗುರುಲಿಂಗವ್ವ